ಭಾವ ಕಟ್ಟದ ಹಸಿರು ಚೀಟಿ

ನನ್ನ ಅಕ್ಕನ ಗಂಡ ಶುದ್ಧ ಪುಕ್ಕಲ. ಅಟ್ಟದ ಡಬ್ಬಿ ತೆಗೆಯಲು ಅಕ್ಕ ಸ್ಟೂಲ್ ಹತ್ತುವ ಮುಂಚೆ ಅದರ ನಾಲ್ಕೂ ಕಾಲು ಅಲ್ಲಾಡಿಸಿ ನೋಡುವ ಆಸಾಮಿ. ಹದಿನೆಂಟು ವರ್ಷ ಗಾರೆ ಕೆಲಸ ಮಾಡಿ, ಜೊತೆಗಾರನೊಬ್ಬ ಕಣ್ಣೆದುರೇ ಬಿದ್ದು ಸತ್ತ ಮೇಲೆ ಸೇಫ್ಟಿ ಸೂಪರ್‌ವೈಸರ್ ಆದವರು. ದಿನಾ ಬೆಳಿಗ್ಗೆ ಕಟ್ಟಡದ ಹೊರಗೆ ನಿಂತು ಕೆಲಸ ಮಾಡಲು ಕಟ್ಟಿದ ಸಾರುವೆಯ ಒಂದೊಂದು ಪೈಪು, ಒಂದೊಂದು ಹಲಗೆ ಮುಟ್ಟಿ ನೋಡಿ, ಕೆಳಗಿಳಿದು ಹಸಿರು ಚೀಟಿ ಕಟ್ಟುತ್ತಿದ್ದರು. ಅಲ್ಲಿಯ ತನಕ ಯಾರೂ ಹತ್ತುವಂತಿಲ್ಲ. ಅದೇ ಸೈಟಿನಲ್ಲಿ ಗಾರೆ ಕೆಲಸಕ್ಕಿದ್ದ ನಮ್ಮ ನಾಲ್ವರಿಗೋ ತಲೆಚಿಟ್ಟು.

ಆವತ್ತು ಅವರನ್ನು ಆಫೀಸಿಗೆ ಕರೆದಿದ್ದರು. ಕಲಸಿಟ್ಟ ಗಾರೆ ಗಟ್ಟಿಯಾಗುತ್ತಿತ್ತು. "ನಮ್ಮ ಭಾವ ಹೆದರಿ ಮುಗಿಸೋದ್ರೊಳಗೆ ಮಧ್ಯಾಹ್ನ ಆಗುತ್ತೆ" ಎಂದು ನಕ್ಕು, ಅವರ ಪೆಟ್ಟಿಗೆಯಿಂದ ಚೀಟಿ ತೆಗೆದು ನಾನೇ ಕಟ್ಟಿಬಿಟ್ಟೆ. ನಾಲ್ವರೂ ನಾಲ್ಕನೇ ಮಹಡಿಯ ಎತ್ತರಕ್ಕೆ ಹತ್ತಿದೆವು.

ಸ್ವಲ್ಪ ಹೊತ್ತಿಗೆ ಕೆಳಗೆ ಭಾವ ಕಂಡರು. ಕತ್ತೆತ್ತಿ ನೋಡಿದರು. ಒಂದು ಹೆಲ್ಮೆಟ್ ಕಾಣದಿದ್ದರೂ ಊರು ಒಂದು ಮಾಡುವ ಮನುಷ್ಯ ಆವತ್ತು ಕೂಗಲಿಲ್ಲ.

ಕಟ್ಟಡದ ಒಳಗಿನಿಂದ ಮೆಟ್ಟಿಲು ಹತ್ತಿ ಬಂದು ಕಿಟಕಿಯಲ್ಲಿ ನಿಂತರು. ಏದುಸಿರು, ಆದರೆ ದನಿ ಮೆಲ್ಲಗೆ.

"ಕಿಟಕಿ ಕೂರಿಸೋರು ಸಾರುವೆನ ಗೋಡೆಗೆ ಹಿಡಿದಿದ್ದ ಪೈಪುಗಳನ್ನೇ ಬಿಚ್ಚಿ ಹಾಕಿದಾರೆ. ಯಾರೂ ಓಡಬೇಡಿ. ಒಬ್ಬೊಬ್ಬರೇ ಬನ್ನಿ."

ಮೂವರು ಒಳಗೆ ಹೋದರು. ನಾನು ಸಾರುವೆಯ ಆಚೆ ತುದಿಯಲ್ಲಿದ್ದೆ. ಗೋಡೆಗೂ ಹಲಗೆಗೂ ನಡುವೆ ಗೇಣಗಲವಿದ್ದ ಸಂದು ನೋಡನೋಡುತ್ತಾ ಒಂದೂವರೆ ಗೇಣಾಯಿತು. ಸೇಫ್ಟಿ ಬೆಲ್ಟಿನ ಕೊಕ್ಕೆಯನ್ನು ಅದೇ ಸಾರುವೆಗೆ ಸಿಕ್ಕಿಸಿದ್ದೆ. ಅದು ಬಿದ್ದರೆ ನನ್ನನ್ನೂ ಎಳೆದುಕೊಂಡೇ ಹೋಗುತ್ತಿತ್ತು.

"ಕೊಕ್ಕೆ ಬಿಚ್ಚು."

"ಭಾವ, ನನ್ನ ಕೈಲಾಗಲ್ಲ."

"ಬಿಚ್ಚೋ. ಕೆಳಗೆ ನೋಡಬೇಡ, ನನ್ನ ಮುಖ ನೋಡ್ಕೊಂಡು ಬಾ."

ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅದನ್ನೇ ನೋಡುತ್ತಾ ಏಳು ಹೆಜ್ಜೆ ಇಟ್ಟೆ. ಅವರು ಬೆಲ್ಟಿಗೇ ಕೈ ಹಾಕಿ ನನ್ನನ್ನು ಒಳಕ್ಕೆ ಎಳೆದುಕೊಂಡರು. ಇಬ್ಬರೂ ನೆಲಕ್ಕೆ ಬಿದ್ದೆವು. ಸಾರುವೆ ಬೀಳಲಿಲ್ಲ, ವಾಲಿಕೊಂಡೇ ನಿಂತಿತ್ತು.

ಚೀಟಿ ಕಟ್ಟಿದ್ದು ಯಾರು ಎಂದು ಅವರು ಕೇಳಲಿಲ್ಲ. ನನ್ನ ಮುಖವೇ ಹೇಳುತ್ತಿತ್ತು. ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದರು. ಅದರಲ್ಲಿ ಹೆಸರು ಬಂದವನಿಗೆ ಆ ಸೈಟಿನಲ್ಲಿ ಮತ್ತೆ ಕೆಲಸವಿಲ್ಲ. ಅಕ್ಕನ ಮುಖ ನೋಡಿಯಾದರೂ ಬಿಡುತ್ತಾರೆ ಅಂದುಕೊಂಡಿದ್ದೆ.

ಎಂಜಿನಿಯರ್ ಓಡಿ ಬಂದು ಪುಸ್ತಕ ಇಸಿದುಕೊಂಡರು. ಭಾವನ ಕೈ ಅಷ್ಟು ನಡುಗಿತ್ತು, ಬರೀ ಗೀಚು.

"ಯಾರ ಹೆಸರ್ರೀ ಇದು? ಓದೋಕೇ ಆಗ್ತಿಲ್ಲ."

ಭಾವ ಬಾಯಿ ತೆರೆದರು.

"ನಂದು ಸಾರ್" ಅಂದೆ.