ಅಕ್ಕನ ಲಿಂಗ, ಸೊಸೆಯ ಪಿನ್ನು

ಅಕ್ಕನ ಇಷ್ಟಲಿಂಗ ಕಳೆದದ್ದು ನನ್ನ ಸೊಸೆ ಸುಜಾತಾಳ ಕೈಯಿಂದಲ್ಲ. ಅದನ್ನು ಕದ್ದವನು ನಾನು. ಕದ್ದು, ನನ್ನ ಎದೆಯ ಕಿಸೆಯಲ್ಲೇ ಇಟ್ಟುಕೊಂಡು, ಎಲ್ಲರ ಜೊತೆ ಬಗ್ಗಿ ಬಗ್ಗಿ ಹುಡುಕಿದವನೂ ನಾನೇ. ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು — ಅದನ್ನೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಇಷ್ಟು ವರ್ಷ ಮುಚ್ಚಿಕೊಂಡ ಬಾಯಿ ಒಮ್ಮೆಗೇ ತೆರೆಯುವುದಿಲ್ಲ.

ನಾನು ಎಂಥವನೆಂದು ಮೊದಲು ತಿಳಿಯಬೇಕು. ಬೈಲಹೊಂಗಲದ ಪೇಟೆಯಲ್ಲಿ ನನ್ನದು ಬೀಜದ ಅಂಗಡಿ ಇತ್ತು, ಆದರೆ ಜನ ನನ್ನನ್ನು ಬಲ್ಲದ್ದು ಬೀಜಕ್ಕಲ್ಲ, ಚೇಷ್ಟೆಗೆ. ನೆರೆಮನೆಯವನ ಕರಿ ಎಮ್ಮೆಗೆ ನಸುಕಿನಲ್ಲಿ ಸುಣ್ಣ ಬಳಿದೆ; ಬೆಳಕು ಹರಿದ ಮೇಲೆ ಅವನು ‘ಯಾರದೋ ಎಮ್ಮಿ ಹೊಕ್ಕೈತಿ’ ಎಂದು ಕೋಲು ಹಿಡಿದು ತನ್ನ ಎಮ್ಮೆಯನ್ನು ತಾನೇ ಓಡಿಸಿದ. ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬೀಗರ ಕಡೆಯ ಹಿರಿಯರನ್ನು ಬೇರೆ ಯಾರದೋ ಮದುವೆಯ ಬಸ್ಸಿಗೆ ಹತ್ತಿಸಿದೆ. ಅವರು ಅಲ್ಲಿ ಹೋಳಿಗೆ ಉಂಡು, ಅಕ್ಷತೆ ಹಾಕಿ, ಸಂಜೆ ಬಂದು ‘ಊಟ ಛಲೋ ಇತ್ತು, ವರಾ ಬ್ಯಾರೆ ಇದ್ದ’ ಎಂದರು. ಇಂಥವು ಬೇಕಾದಷ್ಟಿವೆ. ಕೇಳುತ್ತಾ ಹೋದರೆ ನಿಮಗೆ ಹೊತ್ತು ಸಾಲದು. ನನಗೊಂದು ನಿಯಮವೂ ಇತ್ತು — ಚೇಷ್ಟೆಗೆ ಸಿಕ್ಕವನೇ ಸಂಜೆಯೊಳಗೆ ನಗಬೇಕು. ನಗದಿದ್ದರೆ ಅದು ಚೇಷ್ಟೆಯಲ್ಲ. ಈ ಮಾತನ್ನು ನಾನು ಎಷ್ಟು ಕಟ್ಟೆಗಳ ಮೇಲೆ ಕೂತು ಎದೆ ಉಬ್ಬಿಸಿ ಹೇಳಿದ್ದೇನೋ.

ಆ ಬೇಸಿಗೆಯಲ್ಲಿ ಹುಬ್ಬಳ್ಳಿಯಾಚೆಯ ಒಂದು ವಾಟರ್ ಪಾರ್ಕಿಗೆ ಹೋಗುವ ಯೋಚನೆ ಸುಜಾತಾಳದು. ನನ್ನ ಹೆಂಡತಿ ತೀರಿದ ಮೇಲೆ ನಮ್ಮ ಮನೆ ನಗುವುದನ್ನು ಮರೆತಿತ್ತು. ಅದನ್ನು ಮತ್ತೆ ನಗಿಸಲು ಅವಳು ಪಣ ತೊಟ್ಟವಳಂತೆ ಓಡಾಡುತ್ತಿದ್ದಳು. ಕ್ರೂಸರ್ ಗಾಡಿ ಗೊತ್ತು ಮಾಡಿದಳು. ನಾನು, ನನ್ನ ಮಗ ಮಹಾಂತೇಶ, ಸುಜಾತಾ, ಇಬ್ಬರು ಮೊಮ್ಮಕ್ಕಳು — ಮತ್ತೆ ಅಕ್ಕ. ಅಕ್ಕ ಶಾಂತವ್ವ ನನಗಿಂತ ಹಿರಿಯಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವಳು. ದಿನಾ ಬೆಳಿಗ್ಗೆ ಅವಳ ಲಿಂಗಪೂಜೆಗೆ ಮಡಿನೀರು ತಂದಿಡುವುದು ಸುಜಾತಾಳ ಕೆಲಸ. ಕೆಲಸವೆಂದರೆ ತಪ್ಪಾದೀತು, ಅದು ಅವರಿಬ್ಬರ ನಡುವಿನ ಪ್ರೀತಿ. ಬೇರೆಯವರು ತಂದರೆ ಅಕ್ಕನಿಗೆ ಒಗ್ಗುತ್ತಿರಲಿಲ್ಲ.

ಬಿಸಿಲು ಹೇಗಿತ್ತೆಂದರೆ ಗಾಡಿಯ ಬಾಗಿಲಿಗೆ ಕೈ ಹಚ್ಚಲಾಗುತ್ತಿರಲಿಲ್ಲ. ಝಳ ಬಡಿಯಬಾರದೆಂದು ಅಕ್ಕ ಹೊರಡುವ ಮುನ್ನವೇ ಎಲ್ಲರ ಕಿಸೆಗೂ ಒಂದೊಂದು ಉಳ್ಳಾಗಡ್ಡಿ ಹಾಕಿದ್ದಳು. ಬರಿಯ ಉಳ್ಳಾಗಡ್ಡಿಯಲ್ಲ, ತನ್ನ ಹಳೆಯ ಇಳಕಲ್ ಸೀರೆ ಹರಿದು, ಒಂದೊಂದನ್ನೂ ಅರಿವೆಯಲ್ಲಿ ಗಂಟು ಕಟ್ಟಿ.

“ಏ ಈರ್ಯಾ, ಕಿಸೇದಾಗಿಂದ ತಗೀಬ್ಯಾಡ. ನಿನಗ ಬಿಸಲ ಬಡದ್ರ ನಿನ್ನ ಹೊತ್ಕೊಂಡ ಬರವ್ರ ಯಾರಿಲ್ಲ ಇಲ್ಲೆ,” ಎಂದು ನನಗೆ ತಾಕೀತು ಮಾಡಿದಳು.

“ನಾ ಉಳ್ಳಾಗಡ್ಡಿ ಕಟ್ಗೊಂಡ ತಿರಗತೇನಿ, ನೀ ರೊಟ್ಟಿ ಕಟ್ಗೊ. ಹಸಿವಾದಲ್ಲೆ ಕುಂತ ಉಣ್ಣೂಣು,” ಎಂದೆ. ಅವಳು ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಕೊನೆ.

ಪಾರ್ಕಿನಲ್ಲಿ ಕೃತಕ ತೆರೆ ಏಳುವ ದೊಡ್ಡ ಕೊಳವೊಂದಿತ್ತು. ಅದರ ಕಟ್ಟೆಯ ಮೇಲೆ ಅಕ್ಕ ಕಾಲು ಇಳಿಬಿಟ್ಟು ಕೂತಳು. ಅವಳು ಮನೋಳಿಯಲ್ಲಿ ಬೆಳೆದವಳು, ಹುಡುಗಿಯಾಗಿದ್ದಾಗ ಮಲಪ್ರಭೆಯ ಮಡುವಿನಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕಿ ಈಜಿದವಳು. ಗಂಡ ಹೋದ ಮೇಲೆ ನೀರಿಗೆ ಇಳಿದಿರಲಿಲ್ಲ. ಆ ನೀರನ್ನು ಅವಳು ನೋಡುತ್ತಿದ್ದ ರೀತಿ ಸುಜಾತಾಳಿಗೆ ಕಂಡಿತು. ನನಗೆ ಕಂಡಿರಲಿಲ್ಲ.

“ಇಳೀರಿ ಅತ್ತಿಯವ್ರ. ಒಂದ ಸಲ.”

“ಕೊರಳಾಗ ಏನೂ ಹಾಕ್ಕೊಂಡ ಇಳೀಬಾರದಂತ ನೀರ ಕಾಯೂ ಆ ಹುಡುಗ ಹೇಳ್ಯಾನವಾ. ಲಿಂಗ ಹ್ಯಾಂಗ ತಗೀಲಿ.”

“ನಾ ಉಡಿಯಾಗ ಇಟ್ಕೊಂಡ ಇಲ್ಲೇ ಕುಂದರತೇನ್ರಿ. ನೆಲಕ್ಕ ಇಡಂಗಿಲ್ಲ. ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ?”

ಪೂಜೆಯ ಹೊತ್ತು ಬಿಟ್ಟರೆ ಲಿಂಗ ಅಕ್ಕನ ಎದೆಯಿಂದ ಇಳಿದದ್ದನ್ನು ನಾನು ಅಲ್ಲಿಯವರೆಗೆ ಕಂಡದ್ದೇ ಇರಲಿಲ್ಲ. ಅವಳು ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೊರಳಿನಿಂದ ಬಿಚ್ಚಿ, ಅದೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ತನ್ನ ಉಳ್ಳಾಗಡ್ಡಿಯ ಗಂಟನ್ನು ಕುರ್ಚಿಗೆ ತೂಗುಹಾಕಿದ ಸುಜಾತಾಳ ಚೀಲದಲ್ಲಿಟ್ಟಳು. ಸುಜಾತಾ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಲಿಂಗದ ಗಂಟು ಸಡಿಲಾಗಬಾರದೆಂದು ಅದಕ್ಕೆ ಹಚ್ಚಿದಳು. ಕೆಂಪು ಮಣಿಯ ಪಿನ್ನು. ನಾನು ಪಕ್ಕದ ಕುರ್ಚಿಯಲ್ಲಿ ಮುಖದ ಮೇಲೆ ಹಸಿ ಟವೆಲ್ ಹಾಕಿಕೊಂಡು ಮಲಗಿದವನಂತೆ ಬಿದ್ದಿದ್ದೆ. ಟವೆಲ್ಲಿನ ಅಂಚಿನಿಂದ ಎಲ್ಲವನ್ನೂ ನೋಡಿದೆ.

ಅಕ್ಕ ನೀರಿಗೆ ಇಳಿದಳು. ಮೊದಲ ತೆರೆ ಎದೆಗೆ ಬಡಿದಾಗ ಅವಳ ಮುಖ — ಇರಲಿ. ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಅತ್ತಳು. ಸುಜಾತಾ ಗಂಟನ್ನು ಚೀಲದ ಬಾಯಲ್ಲಿ ಮೇಲೆಯೇ ಇಟ್ಟು — ಆಗಲೂ ನೆಲಕ್ಕೆ ಇಡಲಿಲ್ಲ — ಓಡಿದಳು. ನನ್ನ ಕೈ ತಾನಾಗಿಯೇ ಚಾಚಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ಚಾಚಿದೆ. ಲಿಂಗದ ಗಂಟು ನನ್ನ ಅಂಗಿಯ ಒಳಗಿಸೆಗೆ, ಚೀಲದೊಳಗಿದ್ದ ಅಕ್ಕನ ಉಳ್ಳಾಗಡ್ಡಿಯ ಗಂಟು ಅದರ ಜಾಗಕ್ಕೆ. ಅಕ್ಕ ಬಿಚ್ಚಿ ನೋಡುತ್ತಾಳೆ, ಉಳ್ಳಾಗಡ್ಡಿ ಬರುತ್ತದೆ, ನನ್ನ ಬೆನ್ನಿಗೆ ಗುದ್ದುತ್ತಾಳೆ, ನಾನು ಲಿಂಗ ಕೊಡುತ್ತೇನೆ, ವರ್ಷಗಟ್ಟಲೆ ಹೇಳಿಕೊಂಡು ನಗುತ್ತೇವೆ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಸುಜಾತಾ ಅಳುವ ಮಗುವನ್ನು ಎತ್ತಿಕೊಂಡು ಬಂದವಳು ಗಂಟನ್ನು ನೋಡದೆಯೇ ತೆಗೆದು ಉಡಿಯಲ್ಲಿಟ್ಟುಕೊಂಡಳು.

ಅಕ್ಕ ನೀರಿನಿಂದ ಎದ್ದು ಬಂದು ಕೈ ಒಡ್ಡಿದಳು. ಬಿಚ್ಚಿದಳು.

ಉಳ್ಳಾಗಡ್ಡಿ. ಒಂದು ಕೈಯಿಂದ ಎದೆ ಮುಚ್ಚಿಕೊಂಡಳು, ಮೈಮೇಲೆ ಬಟ್ಟೆಯೇ ಇಲ್ಲವೇನೋ ಎಂಬಂತೆ. ಮಹಾಂತೇಶ ನನ್ನ ಮುಖ ನೋಡಿದ. ಸುಜಾತಾ ನೋಡಿದಳು. ನೋಡಬೇಕಾದದ್ದೇ. ನಾನು ಬಾಯಿ ತೆರೆದಿದ್ದೆ, ಇನ್ನೇನು ನಗಬೇಕು — ಅಷ್ಟರಲ್ಲಿ ಅಕ್ಕ ಹೇಳಿದಳು:

“ಅವನ ಮಾರಿ ಯಾಕ ನೋಡತೀರಿ. ಈರ್ಯಾ ಹುಟ್ಟಿದಾಗಿಂದ ಚಾಷ್ಟಿ ಮಾಡ್ಯಾನ ಖರೆ, ಲಿಂಗಕ್ಕ ಕೈ ಹಚ್ಚಂಗಿಲ್ಲ. ಅವನ ಕೈ ಹಿಡದ ವಿಭೂತಿ ಹಚ್ಚಾಕ ಕಲಿಸಿದಾಕಿ ನಾನು.”

ಬಾಯಿ ಮುಚ್ಚಿಕೊಂಡೆ. ಅವಳು ಬೈದಿದ್ದರೆ ಕೊಟ್ಟುಬಿಡುತ್ತಿದ್ದೆ. ನಂಬಿದಳು.

“ಇದಲ್ರಿ ಗಂಟ,” ಎಂದಳು ಸುಜಾತಾ. “ನಾ ಪಿನ್ನ ಹಚ್ಚಿದ್ನಿರಿ. ಲಿಂಗದ ಗಂಟಿಗೆ ಪಿನ್ನ ಹಚ್ಚಿದ್ನಿ.”

“ಹಂಗಾರ ಅದೆಲ್ಲಿ ಹೋತು?” ಮಹಾಂತೇಶ ಗದರಿದ. “ಒಂದ ಗಂಟ ಹಿಡ್ಕೊಂಡ ಕುಂದರಾಕ ಆಗ್ಲಿಲ್ಲ ನಿನಗ.”

ಚೀಲವನ್ನು ತಲೆಕೆಳಗು ಮಾಡಿ ಸುರಿದರು. ಆಗಲೇ ಆಕಾಶ ಕಪ್ಪಿಟ್ಟು, ಧೂಳೆದ್ದು, ಮೇ ತಿಂಗಳ ಅಡ್ಡಮಳೆ ಆಣೆಕಲ್ಲಿನ ಸಮೇತ ಬಿತ್ತು. ಕರೆಂಟು ಹೋಯಿತು, ಜನ ಚೀರುತ್ತ ಓಡಿದರು. ಸುಜಾತಾ ಹಾಸಿಕೊಳ್ಳಲು ತಂದಿದ್ದ ತಾಡಪತ್ರಿಯನ್ನು ಕೊಪ್ಪೆ ಮಡಚಿ ಅಕ್ಕನ ತಲೆಗೆ ಹಾಕಿದಳು; ತಾನು ಬರಿತಲೆಯಲ್ಲಿ ಆಣೆಕಲ್ಲು ಹೊಡೆಸಿಕೊಳ್ಳುತ್ತ ಕುರ್ಚಿಗಳ ಕೆಳಗೆ, ಮೋರಿಯ ಬಾಯಲ್ಲಿ, ಜನ ಬಿಟ್ಟು ಓಡಿದ ಚಪ್ಪಲಿಗಳ ನಡುವೆ ಮಂಡಿಯೂರಿ ಹುಡುಕಿದಳು. ನಾನೂ ಬಗ್ಗಿದೆ. ಬಗ್ಗಿದಾಗ ಒಳಗಿಸೆಯಲ್ಲಿದ್ದ ಪಿನ್ನು ಬಿಚ್ಚಿ ಎದೆಗೆ ಚುಚ್ಚಿತು. ಮರೆಗೆ ಹೋಗಿ ಅದನ್ನು ಗಂಟಿನಿಂದ ತೆಗೆದು ಬೇರೆ ಕಿಸೆಗೆ ಹಾಕಿಕೊಂಡೆ. ಮತ್ತೆ ಬಂದು ಹುಡುಕಿದೆ.

ನಮ್ಮಲ್ಲಿ ಲಿಂಗ ಮೈಮೇಲಿಲ್ಲದವರು ಅನ್ನ ನೀರು ಮುಟ್ಟುವುದಿಲ್ಲ. ಎಲ್ಲರೂ ಈಗ ಹಾಗೆ ನಡೆಯುತ್ತಾರೆಂದಲ್ಲ, ಅಕ್ಕ ನಡೆಯುತ್ತಾಳೆ. ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು.

ಬಿಸಿಲಿನಲ್ಲಿ ಒಣಗಿದ್ದ ಜೀವ. ವಾಪಸು ಬರುವಾಗ ಮಕ್ಕಳು ನೀರಿನ ಬಾಟಲಿ ಚಾಚಿದರೆ ಮುಖ ತಿರುಗಿಸಿದಳು. ಧಾರವಾಡ ದಾಟಿ ನಮ್ಮ ಊರಿನ ದಾರಿ ಹಿಡಿದ ಮೇಲೆ ಮರವೊಂದು ರಸ್ತೆಗೆ ಅಡ್ಡ ಬಿದ್ದು ಗಾಡಿಗಳೆಲ್ಲ ನಿಂತವು. ಹೊರಗೆ ಆಕಾಶವೇ ಹರಿದಂತೆ ನೀರು. ಕ್ರೂಸರಿನ ಸಂದಿಯಿಂದ ಹನಿಗಳು ಅವಳ ಕೆನ್ನೆಯ ಮೇಲೇ ಇಳಿಯುತ್ತಿದ್ದವು. ಅವು ತುಟಿಗೆ ತಾಕದಂತೆ ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಸುಜಾತಾ ಒಂದೇ ಮಾತು ಹೇಳುತ್ತಿದ್ದಳು, ಯಾರಿಗೂ ಅಲ್ಲ, ತನಗೇ — “ನಾ ಪಿನ್ನ ಹಚ್ಚಿದ್ನಿ... ಹಚ್ಚಿದ್ನಿ.”

ಅಕ್ಕನ ತಲೆ ಕಿಟಕಿಗೆ ವಾಲಿತು. ಕರೆದರೆ ಓ ಎನ್ನಲಿಲ್ಲ.

ಮಹಾಂತೇಶ ಮರ ಸರಿಸುವವರ ಜೊತೆ ಇಳಿದಿದ್ದ. ಸುಜಾತಾ ಅಕ್ಕನ ಅಂಗೈ ತಿಕ್ಕುತ್ತಿದ್ದಳು. ಅವಳ ಚೀಲ ನನ್ನ ಕಾಲ ಬಳಿ ಇತ್ತು. ಆಗಲಾದರೂ ಹೇಳಬಹುದಿತ್ತು. ‘ನನಗೆ ಸಿಕ್ಕಿತು’ ಎಂದಾದರೂ ಅನ್ನಬಹುದಿತ್ತು. ಆದರೆ ನನಗೆ ಸಿಕ್ಕಿತೆಂದರೆ ಮತ್ತೆ ಎಲ್ಲರೂ ನನ್ನ ಮುಖ ನೋಡುತ್ತಾರೆ — ಅಷ್ಟು ಲೆಕ್ಕ ಹಾಕುವ ಬುದ್ಧಿ ಆ ಹೊತ್ತಿನಲ್ಲೂ ನನಗಿತ್ತು. ಗಂಟನ್ನು ಸುಜಾತಾಳ ಚೀಲದ ತಳಕ್ಕೆ, ಮಕ್ಕಳ ಹಸಿ ಬಟ್ಟೆಯ ಸುರುಳಿಯೊಳಕ್ಕೆ ತುರುಕಿದೆ. ಆಮೇಲೆ ಹಿರಿಯನ ದನಿಯಲ್ಲಿ ಹೇಳಿದೆ:

“ಇನ್ನೊಮ್ಮಿ ಚೀಲಾ ನೋಡವಾ ತಂಗಿ. ಗಡಿಬಿಡಿಯಾಗ ಅರಿವಿ ಬಿಚ್ಚಿ ನೋಡಿರಂಗಿಲ್ಲ ನೀ.”

ಸಿಕ್ಕಿತು. ಸುಜಾತಾ ಅದನ್ನು ಅಕ್ಕನ ಅಂಗೈಯಲ್ಲಿಟ್ಟಳು. ಅವಳು ಹೇಗೋ ಕಣ್ಣು ತೆರೆದು, ಕಿಟಕಿಯಿಂದ ಕೈ ಚಾಚಿ, ಮಳೆಯ ನೀರನ್ನೇ ಹಿಡಿದು ಲಿಂಗಕ್ಕೆ ಎರೆದು, ಹಣೆಗೆ ಒತ್ತಿಕೊಂಡು, ಕೊರಳಿಗೆ ಕಟ್ಟಿಸಿಕೊಂಡ ಮೇಲೆ ನೀರು ಕುಡಿದಳು. ಮಹಾಂತೇಶ ಒದ್ದೆಯಾಗಿ ಬಂದು ಗಂಟಿನ ಅರಿವೆ ಎತ್ತಿ ಹಿಡಿದ.

“ಎಲ್ಲೈತಿ ನಿನ್ನ ಪಿನ್ನ?”

ಸುಜಾತಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಾನು ಹಚ್ಚಿಯೇ ಇರಲಿಲ್ಲವೇನೋ ಎಂಬ ಅನುಮಾನ ಅವಳ ಕಣ್ಣಿಗೆ ಬಂದದ್ದನ್ನು ನಾನು ನೋಡಿದೆ. ಪಿನ್ನು ನನ್ನ ಕಿಸೆಯಲ್ಲಿತ್ತು.

ಮರುದಿನದಿಂದ ಅವಳು ಅಕ್ಕನಿಗೆ ಮಡಿನೀರು ತರಲಿಲ್ಲ. ಅಕ್ಕ ಬೇಡ ಎನ್ನಲಿಲ್ಲ. ತಾ ಎಂದೂ ಅನ್ನಲಿಲ್ಲ. ಅಷ್ಟು ವಯಸ್ಸಾದವಳು ತಾನೇ ತುಂಬಿಕೊಳ್ಳತೊಡಗಿದಳು. ಸುಜಾತಾ ಮನೆಯ ಕೀಲಿ ಹಾಕಿ, ಓಣಿಯ ತುದಿಗೆ ಹೋಗಿ, ಮರಳಿ ಬಂದು ಜಗ್ಗಿ ನೋಡುತ್ತಾಳೆ. ಗ್ಯಾಸ್ ಆರಿಸಿದ್ದಾಳೋ ಇಲ್ಲವೋ ಎಂದು ಮಕ್ಕಳನ್ನು ಕೇಳುತ್ತಾಳೆ. ಏನಾದರೂ ಕಾಣೆಯಾದರೆ ಮಹಾಂತೇಶ, ‘ಪಿನ್ನ ಹಚ್ಚಿದ್ದಿ ಏನ?’ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಅದೊಂದು ಮಾತೇ ಆಗಿಹೋಗಿದೆ. ನಾನೂ ನಕ್ಕಿದ್ದೇನೆ, ಆ ಮಾತಿಗೆ. ಒಮ್ಮೆಯಲ್ಲ.

ಈಗ ಮೊಮ್ಮಕ್ಕಳು ಕಾಲೇಜಿಗೆ ಹೋಗುತ್ತಾರೆ. ಈ ಬೇಸಿಗೆಯಲ್ಲಿ ಮತ್ತೆ ಅದೇ ಪಾರ್ಕಿನ ಮಾತೆದ್ದಿತು. ಸುಜಾತಾ ರೊಟ್ಟಿ ಬಡಿಯುತ್ತಲೇ ಹೇಳಿದಳು: “ನೀವೆಲ್ಲಾ ಹೋಗಿ ಬರ್ರಿ. ನಾ ಬಂದ್ರ ಏನರ ಕಳೀತೇನಿ.”

ಬೇಸರದಿಂದ ಹೇಳಿದ್ದಲ್ಲ. ಹವೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಅಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿದ್ದಾಗ ನಾನು ಹೇಳಿಬಿಟ್ಟೆ — ಲಿಂಗ ತೆಗೆದವನು ನಾನು.

ಮಹಾಂತೇಶ ಬಿದ್ದು ಬಿದ್ದು ನಕ್ಕ. “ಅಪ್ಪಾ, ವಯಸ್ಸಾತು. ಇನ್ನರ ಚಾಷ್ಟಿ ಬಿಡ.”

ಅಕ್ಕ ನನ್ನ ತಲೆ ಸವರಿದಳು. “ಸೊಸಿ ಮ್ಯಾಲಿನ ಮಾತ ನಿನ್ನ ಮ್ಯಾಲ ಹಾಕ್ಕೊಳ್ಳಾಕ ಹತ್ತಿ. ಛಲೋ ಮನಸ್ಸೋ ಈರ್ಯಾ ನಿಂದು.”

ಸುಜಾತಾ ನಗಲಿಲ್ಲ. “ಇರ್ಲಿ ಬಿಡ್ರಿ ಮಾವಾರ,” ಎಂದಳು. “ನನ್ನ ಸಲುವಾಗಿ ನೀವು ಸುಳ್ಳ ಹೇಳಬ್ಯಾಡ್ರಿ.”

ಪಿನ್ನು ಆಗಲೂ ನನ್ನ ಕಿಸೆಯಲ್ಲೇ ಇತ್ತು. ತೋರಿಸಬೇಕೆಂದೇ ಟ್ರಂಕಿನಿಂದ ತೆಗೆದು ತಂದಿದ್ದೆ. ಬೆರಳು ಅದರ ಮಣಿಯನ್ನು ಮುಟ್ಟುತ್ತಿತ್ತು. ಆದರೆ ಒಳ್ಳೆಯವನೆನಿಸಿಕೊಂಡು ಕೂತಿರುವುದು ಎಷ್ಟು ಹಿತವಾಗಿತ್ತೆಂದರೆ — ನಾನು ಕೈ ಹೊರಗೆ ತೆಗೆಯಲಿಲ್ಲ. ನಕ್ಕುಬಿಟ್ಟೆ. ಮೊದಲನೆಯ ಸಲ ಹೆದರಿ ಸುಮ್ಮನಿದ್ದೆ. ಈ ಸಲ ಹೊಗಳಿಕೆಗೆ ಸುಮ್ಮನಾದೆ. ಯಾವುದು ಹೆಚ್ಚು ನಾಚಿಕೆಗೇಡು ಎಂದು ನನಗೆ ಗೊತ್ತಾಗುತ್ತಿಲ್ಲ.

ಅದಕ್ಕೇ ಬರೆದೆ. ನನ್ನ ಬಾಯಿಯನ್ನು ಈ ಊರಲ್ಲಿ ಯಾರೂ ನಂಬುವುದಿಲ್ಲ, ಹಾಗೆ ಮಾಡಿಟ್ಟವನು ನಾನೇ. ನಾಳೆ ಅಕ್ಕ ಪೂಜೆಗೆ ಕೂರುವ ಮುನ್ನ ಇದನ್ನು ಎಲ್ಲರೆದುರು ಓದುತ್ತೇನೆ, ಪಿನ್ನನ್ನು ಅಕ್ಕನ ಮುಂದೆ ಇಡುತ್ತೇನೆ. ತುಕ್ಕು ಹಿಡಿದಿದೆ, ಮಣಿ ಮಾತ್ರ ಕೆಂಪಗೇ ಇದೆ. ಅಕ್ಕ ಇನ್ನು ನನ್ನ ತಲೆ ಸವರಲಿಕ್ಕಿಲ್ಲ. ಸವರಬಾರದು.

ಸುಜಾತಾ, ನಿನಗೆ ಮರೆವಿಲ್ಲ. ಅಂದು ನೀನು ಗಂಟನ್ನು ನೆಲಕ್ಕೆ ಇಡಲಿಲ್ಲ. ನೀನು ಪಿನ್ನು ಹಚ್ಚಿದ್ದೆ.