ಬ್ರೇಕಿಲ್ಲದ ಹುಲ್ಲು ಗಾಡಿ

ಅಣ್ಣ ಆ ಹುಲ್ಲು ಕತ್ತರಿಸುವ ಗಾಡಿಯನ್ನು ಮನೆಗೆ ತಂದದ್ದು ಯಾವ ವರ್ಷ ಎಂಬುದರಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನಾನು ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಾ ನಮ್ಮೂರು ನಾವುಂದದಲ್ಲೇ ಇದ್ದೆ, ಅವನ ಎಡಗಾಲಿನೊಳಗೆ ಸ್ಟೀಲಿನ ಪ್ಲೇಟ್ ಇತ್ತು. ಇವೆರಡು ಖಚಿತ. ಉಳಿದದ್ದು ನೆನಪು, ಅದನ್ನು ನಾನೇ ಪೂರ್ತಿ ನಂಬುವುದಿಲ್ಲ.

ಅವನು ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದ. ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಕಾಲು ಮುರಿದ ಮೇಲೆ ಆ ಸೀಸನ್ನೆಲ್ಲ ಜಗಲಿಯಲ್ಲೇ ಕಳೆದ. ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಧಣಿಯೊಬ್ಬರು ಊರಲ್ಲಿ ಬಂಗಲೆ ಕಟ್ಟಿಸಿ, ಅಂಗಳದ ಹುಲ್ಲಿಗೆಂದು ಕೂತು ಓಡಿಸುವ ಆ ಯಂತ್ರ ತರಿಸಿದ್ದರು. ಉಪ್ಪುಗಾಳಿಗೆ ಅದು ಬೇಗ ಸತ್ತಿತು. ಅಣ್ಣ ಕೇಳಿದ, ಅವರು ಕೊಟ್ಟರು. ಟೆಂಪೋದಿಂದ ಇಳಿಸುವಾಗ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿದಳು: "ಹ್ವಾಯ್, ದನ ಇಪ್ಪು ಊರಗೆ ಹುಲ್ ಕತ್ರ್ಸುಕೆ ಮಿಷನ್ ಎಂತಕಾ?"

"ಹುಲ್ಲಿಗಲ್ಲ ಅಜ್ಜಿ, ರೇಸಿಗೆ," ಎಂದ ಅಣ್ಣ.

ಕೊಯ್ಲಾದ ಗದ್ದೆಯಲ್ಲಿ ಯುವಕ ಮಂಡಲದವರು ಆಟೋಟ ನಡೆಸುತ್ತಿದ್ದರು. ಆ ವರ್ಷ ಮನೆಯಲ್ಲೇ ರಿಪೇರಿ ಮಾಡಿದ ಗಾಡಿಗಳ ಓಟವೂ ಇತ್ತು. ಬಸ್ರೂರಿನ ಕಡೆಯವರು ಗದ್ದೆ ಉಳುವ ಟಿಲ್ಲರಿಗೆ ಸೀಟು ಕೂರಿಸಿ ತರುತ್ತಾರೆಂದು ಸುದ್ದಿ. ಅಣ್ಣನಿಗೆ ಬೇಕಾದದ್ದು ಬಹುಮಾನವಲ್ಲ. ಅವನ ಬೋಟು ನಡೆಸುವ ತಾಂಡೇಲ ನೋಡಲು ಬರುವವರಿದ್ದರು. ಮುಂದಿನ ಸೀಸನ್ನಿಗೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವರು ಅವರೇ. ಕಾಲು ಸರಿಯಾಗಿದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ಅವರ ಕಣ್ಣೆದುರು ಗಾಡಿ ಓಡಿಸುವುದು ಮೇಲು ಎಂದು ಅವನು ಯೋಚಿಸಿದ್ದ.

ಬ್ಲೇಡುಗಳನ್ನು ಬಿಚ್ಚಿ ತೆಂಗಿನ ಬುಡಕ್ಕೆ ಎಸೆದ. ಕಾರ್ಬೊರೇಟರಿನೊಳಗೆ ಹಳೆಯ ಪೆಟ್ರೋಲು ಅಂಟಾಗಿ ಕೂತಿತ್ತು. ಅದನ್ನು ಬಿಸಿನೀರಲ್ಲಿ ಕುದಿಸಲು ಅತ್ತಿಗೆಯ ಮೀನುಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬೈಸಿಕೊಂಡ. ವೇಗ ಹೆಚ್ಚಲೆಂದು ಎಂಜಿನ್ನಿಗೆ ದೊಡ್ಡ ಪುಲ್ಲಿ ಹಾಕಿದ. ಒಂದು ಸಂಜೆ ಗಾಡಿ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಶುರುವಾಗಿಯೇಬಿಟ್ಟಿತು. ಖುಷಿಪಡುವ ಮೊದಲೇ ನನ್ನ ಕಣ್ಣು ಕೆಳಗೆ ಹೋಯಿತು. ಎಡಗಾಲಿನ ಕಡೆ ಇರಬೇಕಾದ ಬ್ರೇಕಿನ ಪೆಡಲು ಇರಲಿಲ್ಲ.

"ಬ್ರೇಕ್ ಎಲ್ಲಿ?" ಎಂದೆ.

"ಬೋಟಿಗೆ ಬ್ರೇಕ್ ಇತ್ತಾ? ಎಂಜಿನ್ ಬಂದ್ ಮಾಡ್ರೆ ನಿಂತ್ಕಂತ್."

"ಅದ್ ನೀರಗೆ. ಗದ್ದಿ ಕೊನಿಗೆ ತೋಡ್ ಇತ್ತಲಾ, ಕಲ್ ಕಟ್ಟದ್ದ್!"

"ನೀ ಓದದ್ದ್ ಹೆಚ್ಚಾಯ್ತ್ ಮಾರಾಯ."

ವೇಗ, ತೂಕ, ಒಣಮಣ್ಣು ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಪ್ರತಿ ಸಲವೂ ಕೊನೆಗೆ ಅಣ್ಣ ಆ ಕಾಲುವೆಯಲ್ಲಿ, ತೋಡಿನೊಳಗೇ ಇರುತ್ತಿದ್ದ. ಆ ಕಾಲು ಇನ್ನೊಮ್ಮೆ ಮುರಿದರೆ? ಅತ್ತಿಗೆ ಬಾವಿಕಟ್ಟೆಯ ಹತ್ತಿರ ನನ್ನನ್ನು ತಡೆದು ಕೇಳಿದಳು: "ನೀವ್ ಓದ್ದವ್ರ್. ಎಂತದೂ ಆತಿಲ್ಲೆ, ಅಲ್ದಾ?"

"ಆತಿಲ್ಲೆ," ಎಂದೆ.

ಮರುದಿನ ಅಣ್ಣ ಕಾಲು ತೋರಿಸಲು ಕುಂದಾಪುರದ ಬಸ್ಸು ಹತ್ತಿದ. ನಾನು ಅವನು ಬಿಚ್ಚಿ ಎಸೆದ ಗುಜರಿಯ ರಾಶಿಯಲ್ಲಿ ಹುಡುಕಿ ಪೆಡಲನ್ನು ತೆಗೆದೆ, ಸೀಮೆಎಣ್ಣೆಯಲ್ಲಿ ಉಜ್ಜಿ ಜೋಡಿಸಿದೆ. ಅವನು ಬಂದ ಕೂಡಲೇ ಕೂರಿಸಿ, "ಒತ್ತ್ ಕಾಂಬ," ಎಂದೆ.

ಅವನು ಎಡಗಾಲಿಟ್ಟ. ಪೆಡಲು ಅಲುಗಲಿಲ್ಲ. ಸ್ಟೇರಿಂಗ್ ಹಿಡಿದ ಬೆರಳುಗಳು ಬೆಳ್ಳಗಾದವು.

"ಸ್ಪ್ರಿಂಗ್ ಬಿಗಿ ಇತ್ತ್," ಎಂದ.

ನಾನು ಬಗ್ಗಿ ಕೈಯಿಂದ ಒತ್ತಿದೆ. ಸಲೀಸಾಗಿ ಇಳಿಯಿತು. ಅಣ್ಣ ಅಡುಗೆಮನೆಯ ಬಾಗಿಲತ್ತ ನೋಡಿ ಮೆಲ್ಲಗೆ ಹೇಳಿದ: "ಅವ್ಳಿಗ್ ಹೇಳ್ಬೇಡ."

ಬೋಟಿಗೆ ಬ್ರೇಕಿಲ್ಲ ಎಂಬ ಮಾತೆಲ್ಲ ಯಾಕೆಂದು ಆಗ ತಿಳಿಯಿತು: ಪೆಡಲು ಒತ್ತುವ ಬಲ ಆ ಎಡಗಾಲಿಗಿರಲಿಲ್ಲ. ಹೆದರಿಕೆ ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ತೋಡಿನಿಂದ ತಪ್ಪಿಸಿಕೊಂಡರೂ ಇವನು ಆ ಕಾಲಿನಲ್ಲಿ, ಅಲೆಗೆ ಓಲಾಡುವ ಬೋಟಿನ ಮೇಲೆ, ಒದ್ದೆ ಹಲಗೆಯ ಮೇಲೆ ನಿಲ್ಲಲು ಹೊರಟಿದ್ದಾನೆ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನೇ. ಯಾರಿಗೂ ಹೇಳದೆ ನಾಲ್ಕಾರು ದಿನ ಅನ್ನ ಕಲಸಿಟ್ಟು ಎದ್ದೆ.

ಓಟದ ದಿನ ನಾನು ತೋಡಿನ ಅಂಚಿಗೆ ಹೋಗಿ ನಿಂತೆ, ಓಡಿ ಬರುವ ಗಾಡಿಯನ್ನು ಕೈಯಲ್ಲೇ ಹಿಡಿದು ನಿಲ್ಲಿಸುವವನಂತೆ. ಶುರುವಿನಿಂದಲೇ ಅಣ್ಣ ಮುಂದಿದ್ದ. ಟಿಲ್ಲರು ಹಿಂದೆ ಧೂಳು ತಿನ್ನುತ್ತಿತ್ತು. ಅರ್ಧ ಗದ್ದೆ ದಾಟುವಾಗ ಸದ್ದು ನಿಂತಿತು. ಗಾಡಿ ಸುಮಾರು ದೂರ ಉರುಳಿ, ಕೊಯ್ದ ಪೈರಿನ ಕೂಳೆಯ ನಡುವೆ ನಿಂತಿತು. ಟಿಲ್ಲರು ಪಕ್ಕದಿಂದ ಹೋಯಿತು.

"ಹ್ವಾಯ್, ಎಣ್ಣಿ ಖಾಲಿಯಾ? ಒಂಚೂರ್ ಹುಲ್ ಹಾಕಿ ಮಾರಾಯ್ರೆ!" ಎಂದು ಯಾರೋ ಕೂಗಿದರು.

ಎಂಜಿನ್ ತಾನಾಗಿ ಸತ್ತಿತು ಎಂದು ಅಣ್ಣ ಇಂದಿಗೂ ಹೇಳುತ್ತಾನೆ. ಅವನೇ ಕೀ ತಿರುಗಿಸಿದ್ದನ್ನು ಕಂಡಿದ್ದೇನೆ ಎನ್ನುತ್ತಾಳೆ ಅತ್ತಿಗೆ. ಮೊದಲು ಓಡಿ ಹೋಗಿ ಆ ಕೀ ಮೇಲೆ ಕೈಯಿಟ್ಟವನು ನಾನು. ಅದರ ಸುತ್ತ ಬಿಸಿಲಿಗೆ ಕಾದ ತಗಡು ನೆನಪಿದೆ. ಕೀ ಯಾವ ಕಡೆಗೆ ತಿರುಗಿತ್ತೆಂಬುದು ನೆನಪಿಲ್ಲ. ಎಷ್ಟೋ ಸಲ ಯೋಚಿಸಿ ಈಗ ಎರಡೂ ಚಿತ್ರಗಳು ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ.

ಆಮೇಲಿನದರಲ್ಲಿ ಮಾತ್ರ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ. ತಾಂಡೇಲ ಹತ್ತಿರ ಬಂದರು. ಅಣ್ಣ ನನ್ನ ಹೆಗಲು ಹಿಡಿದು ಬಲಗಾಲಿನ ಮೇಲೆ ಇಳಿದ.

"ಎಂತಾ, ಮಳಿ ಕಳ್ದ್ ಮೇಲೆ ಬೋಟಿಗ್ ಬತ್ಯಾ?" ಎಂದರು ತಾಂಡೇಲ.

"ಇಲ್ಲೆ. ಈ ಕಾಲಗೆ ಬಲ ಇಲ್ಲೆ."

ತಾಂಡೇಲ ಕಾಲು ನೋಡಿದರು, ಎಂಜಿನ್ ನೋಡಿದರು. "ಬಂದರಗೆ ಎಂಜಿನ್ ಕೆಲ್ಸ ಕಾಂಬುಕೆ ಒಬ್ರ್ ಬೇಕಾಯ್ತ್. ಸಮುದ್ರಕ್ ಹೋಪುದ್ ಬ್ಯಾಡ."

ಅಣ್ಣ ಪ್ಯಾಂಟಿಗಂಟಿದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತಾ ನಿಂತ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಬಂದು ಸೇರಿದ್ದ ಅತ್ತಿಗೆ, ಅವನ ಮುಖ ನೋಡದೆ, ತಾಂಡೇಲರನ್ನೇ ಕೇಳಿದಳು:

"ಬೆಳಿಗ್ಗೆ ಇವ್ರ್ ಎಷ್ಟ್ ಹೊತ್ತಿಗ್ ಬರ್ಕ್?"