ನನಗಿಂತ ಹಿರಿಯ ನನ್ನ ಮಗ ಮತ್ತು ಅವನ ಎಸೆಗೋಲು

ನಾನು ಹುಟ್ಟಿದ ದಿನವೇ ನನಗೊಬ್ಬ ಮಗನಿದ್ದ. ಮೀಸೆ ಬಂದವನು, ಮದುವೆಯಾದವನು, ಇಡೀ ಊರಿನಲ್ಲೇ ಬಾಯಿ ಜೋರಿನವನು. ಹೆಸರು ಉಜುವಾತ್. ಅವನ ಅಪ್ಪ ಕುನ್ನುಕ್ ಕೆಮ್ಮಿ ಕೆಮ್ಮಿ ತೀರಿಕೊಂಡ ವಾರದಲ್ಲೇ ಪಕ್ಕದ ಮನೆಯಲ್ಲಿ ನಾನು ಹೆಣ್ಣಾಗಿ ಹುಟ್ಟಿದೆ. ನನ್ನ ತಾಯಿ ಆ ಹೆಸರನ್ನು ನನಗಿಟ್ಟಳು. ಹೆಸರು ಬಂತೆಂದರೆ ಆ ಮನುಷ್ಯನೇ ಬಂದ ಹಾಗೆ. ಹುಟ್ಟಿದ್ದು ಹೆಣ್ಣೋ ಗಂಡೋ ಎಂದು ನಮ್ಮ ಗ್ರೀನ್‌ಲ್ಯಾಂಡಿನ ತೀರದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವತ್ತೇ ಉಜುವಾತ್ ಸೀಲ್ ಎಂಬ ಕಡಲಪ್ರಾಣಿಯ ಮರಿಯ ಮೆತ್ತನೆಯ ಚರ್ಮ ತಂದು ನನ್ನನ್ನು ಅದರಲ್ಲಿ ಸುತ್ತಿ, 'ಅಪ್ಪಾ' ಎಂದು ಕರೆದು ಗಳಗಳನೆ ಅತ್ತನಂತೆ. ಅತ್ತು ಮುಗಿದ ಮೇಲೆ, ಇಷ್ಟು ದಿನ ಅಪ್ಪ ನನ್ನ ಕಿವಿ ಹಿಂಡುತ್ತಿದ್ದ, ಇನ್ನು ನಾನೇ ಎತ್ತಿ ಆಡಿಸುತ್ತೇನೆ ಎಂದು ನಕ್ಕನಂತೆ.

ನಾನೇನು ಕಡಿಮೆಯೇ? ಮಾತು ಬಂದಾಗಿನಿಂದ ಅವನನ್ನು ಗದರಿಸಿಕೊಂಡೇ ಬೆಳೆದೆ. ಅವನ ಹೆಂಡತಿ ಅಮಾಲಿಯಾಗೆ ನಾನು ಮಾವ. ಅವಳು ಎಷ್ಟು ಮರ್ಯಾದಸ್ಥೆ ಎಂದರೆ, "ಮಾವಾ, ಮೂಗು ಸೋರ್ತಿದೆ, ಒರೆಸ್ಕೊಳ್ಳಿ" ಎಂದು ಬಹುವಚನದಲ್ಲೇ ಹೇಳುತ್ತಿದ್ದಳು.

ಉಜುವಾತನ ಕೈಯಲ್ಲಿ ಎಸೆಗೋಲು ಇದ್ದರೆ ನೋಡಬೇಕಿತ್ತು. ಅದೊಂದು ಮೊಳದುದ್ದದ ಹಲಗೆ. ತೆರೆಗಳು ತಂದು ಹಾಕಿದ ಮರದ ತುಂಡಿನಲ್ಲಿ ಹಳೆಯ ಕುನ್ನುಕ್, ಅಂದರೆ ನಾನೇ, ಕೆತ್ತಿದ್ದು. ಈಟಿಯ ಹಿಂಬದಿಯನ್ನು ಅದಕ್ಕೆ ಸಿಕ್ಕಿಸಿ ಬೀಸಿದರೆ ತೋಳು ಇನ್ನೊಂದು ಮೊಳ ಉದ್ದವಾದ ಹಾಗೆ. ಈಟಿ ಹಾರುತ್ತದೆ, ಹಲಗೆ ಕೈಯಲ್ಲೇ ಉಳಿಯುತ್ತದೆ. ಊರಿಗೆ ಬಂದೂಕುಗಳೂ ಬಂದಿದ್ದವು. ಆದರೆ ಬೇಸಿಗೆಯಲ್ಲಿ ಗುಂಡು ತಿಂದ ಸೀಲ್ ಬುಳಕ್ಕನೆ ಮುಳುಗಿಹೋಗುತ್ತದೆ. ಈಟಿಗಾದರೆ ಹಗ್ಗವಿದೆ, ಹಗ್ಗದ ತುದಿಗೆ ಗಾಳಿ ತುಂಬಿದ ಚರ್ಮದ ಚೀಲವಿದೆ, ಪ್ರಾಣಿ ಎಲ್ಲಿಗೂ ಹೋಗುವುದಿಲ್ಲ. ಬಂದೂಕಿನವರು ಬರಿಗೈಯಲ್ಲಿ ಬಂದರೆ ಉಜುವಾತ್ ದಡದಲ್ಲೇ ನಿಂತು, ಮೀನುಗಳಿಗೆ ಊಟ ಹಾಕಿ ಬಂದ್ರಾ, ಪುಣ್ಯವಂತರು ಎಂದು ಕೈಮುಗಿಯುತ್ತಿದ್ದ. ಅವರೂ ಬಿಡುತ್ತಿರಲಿಲ್ಲ. ನಮ್ಮೂರಿನಲ್ಲಿ ಕೆಣಕಿಸಿಕೊಳ್ಳುವವನೇ ಗಂಡಸು.

ನಾನು ಮದುವೆ ವಯಸ್ಸಿಗೆ ಬಂದ ವರ್ಷ ಅವನಿಗೆ ಕಯಾಕಿನ, ಅಂದರೆ ಒಬ್ಬನೇ ಕೂರುವ ನಮ್ಮ ಚರ್ಮದ ದೋಣಿಯ, ತಲೆಸುತ್ತು ಬಡಿಯಿತು. ಅಲೆಯಿಲ್ಲ, ಗಾಳಿಯಿಲ್ಲ, ಎದುರಿಗೆ ಬಿಸಿಲು, ಕನ್ನಡಿಯಂಥ ನೀರು, ಬೇಟೆಗಾರ ಒಬ್ಬನೇ ಅಲುಗಾಡದೆ ಸೀಲಿಗಾಗಿ ಕಾಯುತ್ತಿರುತ್ತಾನೆ; ಆಗಲೇ ಅದು ಬರುವುದು. ದೋಣಿಯ ಮೂತಿ ಮೇಲೇಳುತ್ತಿದೆ, ಒಳಗೆ ತಣ್ಣೀರು ತುಂಬುತ್ತಿದೆ ಅನ್ನಿಸುತ್ತದೆ. ಕೈಕಾಲು ಮರಗಟ್ಟುತ್ತವೆ. ಇನ್ನೊಬ್ಬ ಬಂದು ದೋಣಿ ಮುಟ್ಟಿದರೆ, ಇಲ್ಲವೇ ನೀರು ಕದಡಿದರೆ ಮಾತ್ರ ಬಿಡುಗಡೆ. ಅವನನ್ನು ಯಾರೋ ಎಳೆದುಕೊಂಡು ಬಂದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

ಆಮೇಲೆ ಅವನು ಕಡಲಿಗೆ ಇಳಿಯಲೇ ಇಲ್ಲ. ಬಂಡೆಯ ಮೇಲೆ ಕೂತು ಸಣ್ಣ ಮೀನು ಹಿಡಿದ, ಅವರಿವರು ಕೊಟ್ಟ ಮಾಂಸ ತಿಂದ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಊರಿನವರು ಅವನನ್ನು ಕೆಣಕುವುದನ್ನೇ ನಿಲ್ಲಿಸಿಬಿಟ್ಟರು ನೋಡಿ, ಅದು ನನ್ನ ಹೊಟ್ಟೆ ಉರಿಸಿತು. ಒಂದು ದಿನ ಎಸೆಗೋಲನ್ನು ತಂದು ನನ್ನ ಮಡಿಲಲ್ಲಿಟ್ಟ.

"ನಿಂದು ನಿನಗೇ ಇರಲಿ, ಅಪ್ಪಾ. ನನ್ನ ಕೈಲಿ ಇನ್ನಾಗಲ್ಲ."

ನನಗೆ ನಖಶಿಖಾಂತ ಉರಿಯಿತು. ಮಗ ಬದುಕಿದ್ದೂ ಸತ್ತವರ ಹಾಗೆ ಕೂತರೆ ಯಾವ ಅಪ್ಪ ಸುಮ್ಮನಿರುತ್ತಾನೆ? ಸರಿ, ಕೋಲು ನನ್ನದಾದ ಮೇಲೆ ಬೇಟೆಯೂ ನನ್ನದೇ, ನನಗೊಂದು ಕಯಾಕ್ ಕಟ್ಟಿಕೊಡು, ಎಸೆಯುವುದನ್ನು ಕಲಿಸು ಎಂದೆ. ಹೆಂಗಸರು ಕಯಾಕ್ ಹತ್ತುವುದುಂಟೇ ಎಂದು ಗೊಣಗಿದ. ಅಪ್ಪನಿಗೆ ಎದುರು ಮಾತಾಡುತ್ತೀಯಾ ಎಂದೆ. ಪಾಪ, ಏನು ಮಾಡಿಯಾನು? ನನ್ನ ತೋಳು, ಸೊಂಟ ಅಳೆದು ಕಟ್ಟಿಗೆ ಜೋಡಿಸಿದ. ಅಪ್ಪ ಮೊದಲು ಇಷ್ಟು ದಪ್ಪ ಇರಲಿಲ್ಲ ಎಂದು ಅವನು ಗೊಣಗಿದಾಗ, ಎಷ್ಟೋ ತಿಂಗಳ ಮೇಲೆ ಅಮಾಲಿಯಾ ನಕ್ಕಳು.

ದಡದ ಆಳವಿಲ್ಲದ ನೀರಿನಲ್ಲಿ ಕಲಿತೆ. ನನ್ನ ಈಟಿ ಒಮ್ಮೆಯೂ ಹೇಳಿದ ಕಡೆ ಹೋಗಲಿಲ್ಲ. ಕೊನೆಗೊಂದು ದಿನ, ಗಾಳಿ ಸತ್ತು ನೀರು ಹೊಳೆಯುತ್ತಿದ್ದಾಗ, ಬೇಕೆಂದೇ ಅವನನ್ನು ಹೊರಡಿಸಿದೆ. ಈಟಿ, ಎಸೆಗೋಲು, ಗಾಳಿಚೀಲ ಎಲ್ಲ ನನ್ನ ದೋಣಿಯ ಮೇಲೆ. ಅವನು ತನ್ನ ಕಯಾಕಿನಲ್ಲಿ ಹುಟ್ಟುಗೋಲು ಮಾತ್ರ ತಂದಿದ್ದ, ಬರೀ ಕಲಿಸಲಿಕ್ಕೆ ಬಂದವನಂತೆ.

ಕಾದೆವು. ನೀರಿನಿಂದ ಒಂದು ಸೀಲ್ ದುಂಡು ತಲೆ ಎತ್ತಿತು. ತಿರುಗಿ ನೋಡಿದರೆ ಉಜುವಾತ್ ಕಲ್ಲಾಗಿದ್ದ. ಕಣ್ಣು ತೆರೆದೇ ಇತ್ತು, ಹಣೆಯಲ್ಲಿ ಬೆವರು. ನನಗೂ ಗಾಬರಿಯಾಯಿತು. ಹತ್ತಿರ ಹೋಗಿ ಅವನ ದೋಣಿ ಮುಟ್ಟಬೇಕಿತ್ತು, ಆದರೆ ನನ್ನ ಕೋಪ ನನಗಿಂತ ಮುಂದೆ ಓಡುತ್ತದೆ. ಎಸೆಗೋಲು ಎತ್ತಿ ಇರುವ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ಈಟಿ ಒಂದು ಕಡೆ, ಸೀಲ್ ಇನ್ನೊಂದು ಕಡೆ, ನಾನು ತಲೆಕೆಳಗಾಗಿ ನೀರಿನೊಳಗೆ.

ಆ ಚಳಿಯನ್ನು ಹೇಳಲಾರೆ. ಸತ್ತೆ ಅಂದುಕೊಂಡೆ. ಅಷ್ಟರಲ್ಲಿ ಯಾರೋ ನನ್ನ ದೋಣಿಯನ್ನು ಹಿಡಿದು ಒಂದೇ ಎಳೆತಕ್ಕೆ ನೆಟ್ಟಗೆ ಮಾಡಿದರು. ಉಪ್ಪುನೀರು ಉಗಿದು ಕಣ್ಣು ಬಿಟ್ಟರೆ ಎದುರಿಗೆ ಉಜುವಾತ್, ಕೈಯೆಲ್ಲ ಒದ್ದೆ, ಮುಖ ಕೆಂಪಗೆ.

"ಬುದ್ಧಿ ಇದೆಯಾ ನಿನಗೆ? ಇನ್ನೊಂದ್ಸಲ ಸಾಯ್ತೀಯಾ? ಒಂದ್ಸಲ ಅತ್ತಿದ್ದು ಸಾಲದಾ ನನಗೆ?"

ಅಪ್ಪನನ್ನು ಅವನು ಬೈದದ್ದು ಅದೇ ಮೊದಲು. ಏನು ಗಲಾಟೆ ಎಂದು ನೋಡಲು ಆ ಕುತೂಹಲದ ಸೀಲ್ ಮತ್ತೆ ತಲೆ ಎತ್ತಿತು. ನೋಡಿಯೇ ಕೆಟ್ಟಿತು. ಉಜುವಾತ್ ಬೈಗುಳ ನಿಲ್ಲಿಸದೆಯೇ ತೇಲುತ್ತಿದ್ದ ಕೋಲನ್ನೂ ಈಟಿಯನ್ನೂ ಎತ್ತಿಕೊಂಡ, ಬೀಸಿದ. ಹಗ್ಗ ಸರ್ರನೆ ಓಡಿತು. ಆಮೇಲೆ ಹಗ್ಗ ಹಿಡಿದು ಸೀಲನ್ನು ದೋಣಿಯ ಪಕ್ಕಕ್ಕೆ ಎಳೆದುಕೊಂಡ.

ನಮ್ಮಲ್ಲಿ ಹುಡುಗನೊಬ್ಬ ಮೊದಲ ಸೀಲ್ ಹೊಡೆದರೆ ಅದನ್ನು ಪೂರ್ತಿ ಊರಿಗೇ ಹಂಚಬೇಕು, ತನಗೆ ಒಂದು ಚೂರೂ ಇಟ್ಟುಕೊಳ್ಳಬಾರದು. ತಲೆ ನರೆತ ನನ್ನ ಮಗ ಅವತ್ತು ಅದನ್ನೇ ಮಾಡಿದ. ಇದು ನನ್ನ ಮೊದಲ ಬೇಟೆ ಎಂದು ಮನೆ ಮನೆಗೆ ತಾನೇ ಮಾಂಸ ಹೊತ್ತುಕೊಂಡು ಹೋದ. ಆಮೇಲೆ ಬಂದೂಕಿನವನೊಬ್ಬ ಬಾಯಿತುಂಬ ಮಾಂಸ ಇಟ್ಟುಕೊಂಡೇ, "ಹುಡುಗ ಕೈಗೆ ಬಂದ, ಇನ್ನೊಂದು ಹೆಣ್ಣು ನೋಡ್ಬಹುದು" ಎಂದ. ಅಮಾಲಿಯಾ ಸೌಟು ಎತ್ತಿದಳು. ಉಜುವಾತ್ ತಿರುಗಿ ಬಿದ್ದು, ನಿನ್ನ ಗುಂಡು ತಿಂದ ಸೀಲುಗಳೆಲ್ಲ ಕಡಲಡಿ ಸಂಸಾರ ಹೂಡಿವೆಯಂತೆ, ಮೊದಲು ಅವುಗಳ ಯೋಗಕ್ಷೇಮ ವಿಚಾರಿಸು ಎಂದ. ಊರು ಬಿದ್ದು ಬಿದ್ದು ನಕ್ಕಿತು. ನಾನು ಒದ್ದೆ ತಲೆಗೂದಲಲ್ಲಿ ಒಲೆಯ ಪಕ್ಕ ಕೂತಿದ್ದೆ. ಕಳೆದುಹೋಗಿ ತಿರುಗಿ ಬಂದ ಮಗನನ್ನು ನೋಡಿ ಕಣ್ಣು ತುಂಬಿತು. ಎದುರು ಬಂದವರಿಗೆಲ್ಲ, ಅವನು ನನ್ನ ಮಗ ಕಣ್ರಿ, ನಾನೇ ಕಲಿಸಿದ್ದು ಎಂದು ಹೇಳುತ್ತಲೇ ಇದ್ದೆ.